ನಲವತ್ತೆಂಟಕ್ಕೆ ತೊಂಬತ್ತು ಸಾವಿರ

ಪ್ರಯೋಗಾಲಯದ ಅರ್ಜಿಯಲ್ಲಿ ಹನ್ನೊಂದು ಕಲಂಗಳಿದ್ದವು. ಐದನೆಯದರಲ್ಲಿ ಎಷ್ಟು ಪ್ರಾಣಿ, ಆರನೆಯದರಲ್ಲಿ ಎಷ್ಟು ನೋವು, ಏಳನೆಯದರಲ್ಲಿ ಎಷ್ಟು ಪ್ರಯೋಜನ. ಮಿಕ್ಕ ಎಂಟನ್ನು ಯಾರು ಬೇಕಾದರೂ ತುಂಬಬಹುದಿತ್ತು. ಈ ಮೂರಕ್ಕೆ ಮಾತ್ರ ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ ಕೂರುವ ಅಂಕಿಅಂಶದವಳೇ ಬೇಕು. ಅವಳನ್ನು ಎಲ್ಲರೂ ಲೆಕ್ಕದಮ್ಮ ಎನ್ನುತ್ತಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಲೆಕ್ಕದಮ್ಮ. ಅದು ಅವಳಿಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಕಾಲೇಜಿನಲ್ಲಿ ಒಂದು ವರ್ಷ ಅವಳು ನೀತಿಶಾಸ್ತ್ರ ಓದಿದ್ದಳು. ಅಲ್ಲಿ ಕಲಿತದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದು ಒಂದೇ, ಉಪಯುಕ್ತತಾವಾದ. ಯಾವ ಕೆಲಸದಿಂದ ಒಟ್ಟು ಸುಖ ಹೆಚ್ಚಿ ಒಟ್ಟು ನೋವು ತಗ್ಗುತ್ತದೋ ಅದೇ ಸರಿಯಾದ ಕೆಲಸ. ಅದರಲ್ಲಿ ತನ್ನವರು, ಪರರು ಎನ್ನುವ ಭೇದವಿಲ್ಲ. ನಾಯಿಯ ನೋವೂ ನೋವೇ, ಅದೂ ತಕ್ಕಡಿಗೆ ಬರಬೇಕು. ಬೇರೆಯವರು ಪ್ರಾಣಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವಾಗ ತಾನು ಅವುಗಳ ನೋವನ್ನು ದಿನ, ಗಂಟೆ ಹಿಡಿದು ಕಾಗದಕ್ಕೆ ಇಳಿಸುತ್ತಿದ್ದೇನೆ, ಇದು ಒಂದು ರೀತಿಯ ಗೌರವ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಎರಡು ವರ್ಷದ ಹಿಂದೆ ಬಂದದ್ದು ಕರುಳಿನ ಮದ್ದಿನ ಅರ್ಜಿ. ವಿಕಿರಣ ತಾಗಿದವರ ಕರುಳಿನ ಒಳಪದರ ಸುಲಿದುಹೋಗುತ್ತದೆ. ತಿಂದದ್ದು ನಿಲ್ಲುವುದಿಲ್ಲ, ರಕ್ತ ಹೋಗುತ್ತದೆ. ಆರು ಗಂಟೆಯೊಳಗೆ ಈ ಮದ್ದು ಕೊಟ್ಟರೆ ಕರುಳು ಉಳಿಯಬಹುದು ಎಂದು ಇಲಿಗಳಲ್ಲಿ ಗೊತ್ತಾಗಿತ್ತು. ಇನ್ನು ನಾಯಿಗಳಲ್ಲಿ ನೋಡಬೇಕು. ನಲವತ್ತೆಂಟು ನಾಯಿಗಳ ಮೈಗೆಲ್ಲ ವಿಕಿರಣ ಕೊಟ್ಟು, ಅರ್ಧಕ್ಕೆ ಮದ್ದು ಹಾಕಿ, ಅರ್ಧಕ್ಕೆ ಬರಿಯ ಸಕ್ಕರೆ ನೀರು ಹಾಕಿ, ಮೂವತ್ತು ದಿನ ಕಾಯುವುದು. ನೋವಿನ ಔಷಧ ಕೊಟ್ಟರೆ ಫಲಿತಾಂಶ ಕಲಸಿಹೋಗುತ್ತದೆ, ಆದ್ದರಿಂದ ಅದೂ ಇಲ್ಲ. ಆರನೆಯ ಕಲಮಿನಲ್ಲಿ ಅವಳು ‘ತೀವ್ರ’ ಎಂದು ಬರೆದಳು. ಏಳನೆಯದರಲ್ಲಿ, ಕ್ಯಾನ್ಸರಿಗೆ ಹೊಟ್ಟೆಯ ಭಾಗಕ್ಕೆ ವಿಕಿರಣ ತೆಗೆದುಕೊಳ್ಳುವ ರೋಗಿಗಳು, ವರ್ಷಕ್ಕೆ ನಾನೂರು ಮಂದಿಗೆ ಆರಾಮ ಎಂದು ಬರೆದಳು.

“ನಾನೂರಾ?” ಎಂದರು ನಿರ್ದೇಶಕರು, ಕನ್ನಡಕವನ್ನು ಹಣೆಗೇರಿಸಿ. “ನಾನೂರು ಜನರ ಆರಾಮಕ್ಕೆ ತೀವ್ರ ಅಂತ ಬರೆದ್ರೆ ಸಮಿತಿ ಒಪ್ಪುತ್ತಾ ಮೇಡಂ? ನೀವೇ ನಮ್ಮ ಕಾಲಿಗೆ ಕೊಡಲಿ ಹಾಕ್ತಿದೀರಲ್ಲ. ವಿಕಿರಣ ಆಸ್ಪತ್ರೇಲಿ ಮಾತ್ರ ಬರುತ್ತಾ? ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡಿ.”

ಅವಳು ದೊಡ್ಡದಾಗಿಯೇ ಯೋಚಿಸಿದಳು. ಹತ್ತು ಲಕ್ಷ ಜನರ ಒಂದು ನಗರ. ಅದರ ಮೇಲೆ ಒಂದು ಅಣುಬಾಂಬು. ಸ್ಫೋಟದಲ್ಲೇ ಸತ್ತವರನ್ನು ಕಳೆದು, ಬೂದಿಯಡಿ ಸಿಕ್ಕವರನ್ನು ತೆಗೆದುಕೊಂಡು, ಅವರಲ್ಲಿ ಮದ್ದು ಆರು ಗಂಟೆಯೊಳಗೆ ತಲುಪಬಹುದಾದವರನ್ನು ಆರಿಸಿದರೆ ಬದುಕುವವರು ತೊಂಬತ್ತು ಸಾವಿರ. ಏಳನೆಯ ಕಲಮಿನಲ್ಲಿ ಅದನ್ನು ಬರೆದಾಗ ಐದನೆಯ ಕಲಮಿನ ನಲವತ್ತೆಂಟು ಎಲ್ಲೋ ಮೂಲೆಗೆ ಸೇರಿತು.

ಒಂದೇ ಒಂದು ಗುಣಾಕಾರ ಬಾಕಿ ಇತ್ತು. ಆ ಬಾಂಬು ಬೀಳುವ ಸಂಭವ ಎಷ್ಟು? ನೂರಕ್ಕೆ ಒಂದು ಎಂದರೆ ತೊಂಬತ್ತು ಸಾವಿರ ಹೋಗಿ ಬರೀ ಒಂಬೈನೂರಾಗುತ್ತದೆ. ಸಾವಿರಕ್ಕೆ ಒಂದು ಎಂದರೆ ತೊಂಬತ್ತು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಆದರೆ ಆ ಸಂಖ್ಯೆ ಯಾರ ಬಳಿಯೂ ಇರಲಿಲ್ಲ, ಅರ್ಜಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಅವಳು ಬಿಟ್ಟುಬಿಟ್ಟಳು. ಬಿಟ್ಟರೆ ಅದು ಒಂದು ಎಂದಾಗುತ್ತದೆ, ಅಂದರೆ ಬಾಂಬು ಬಿದ್ದೇ ಬೀಳುತ್ತದೆ ಎಂದಾಗುತ್ತದೆ. ಇದು ಆ ಕಟ್ಟಡದಲ್ಲಿ ಅವಳಿಗೊಬ್ಬಳಿಗೆ ತಿಳಿದಿತ್ತು.

ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿ ನಿವೃತ್ತ ಪೋಸ್ಟ್‌ಮಾಸ್ಟರಮ್ಮ ಒಬ್ಬರಿದ್ದರು. ಅವರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, “ಅಲ್ಲಾ, ನಂಗೊಂದು ದಡ್ಡ ಪ್ರಶ್ನೆ. ಈ ಬಾಂಬು ಬೀಳೋದು ಗ್ಯಾರಂಟಿನಾ?” ಎಂದರು.

ಎಲ್ಲರೂ ನಕ್ಕರು. ನಿರ್ದೇಶಕರು, “ಬೀಳದೇ ಇರ್ಲಿ ಅಂತ ಬೇಡ್ಕೊಳ್ಳೋಣ ಬಿಡೀಮ್ಮ” ಎಂದರು. ಪೋಸ್ಟ್‌ಮಾಸ್ಟರಮ್ಮ ನಗಲಿಲ್ಲ. ಲೆಕ್ಕದಮ್ಮನ ಕಡೆ ನೋಡಿದರು. ಲೆಕ್ಕ ಬಲ್ಲವಳು ಅವಳು ತಾನೇ. ಅವಳು ಮುಂದಿದ್ದ ನೀರಿನ ಲೋಟವನ್ನು ಒಂದಂಗುಲ ಎಡಕ್ಕೆ ಸರಿಸಿದಳು. ಅಷ್ಟೇ. ಅರ್ಜಿ ಪಾಸಾಯಿತು.

ಪ್ರಾಣಿಮನೆ ನೆಲಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಅರವತ್ತರ ಹತ್ತಿರದ ಮನುಷ್ಯ, ಇಡೀ ಕಟ್ಟಡಕ್ಕೆ ಮಾವ. ನಾಯಿಗಳಿಗೆ ಹೆಸರಿಡಬಾರದು ಎನ್ನುವುದು ನಿಯಮ. ಮಾವ ನಿಯಮ ಮೀರಲಿಲ್ಲ. ಆದರೆ ನಂಬರುಗಳಿಗೆ ಬಹುವಚನ ಹಚ್ಚಿದ. “ಹದಿನೇಳನೆಯವರು ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ.” “ಮೂವತ್ತನೆಯವರಿಗೆ ಸ್ವಲ್ಪ ಕೋಪ ಜಾಸ್ತಿ.” ಮೊದಮೊದಲು ಎಲ್ಲರಿಗೂ ತಮಾಷೆಯಾಗಿತ್ತು.

ನಾಯಿ ಸತ್ತರೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಮಾವ ಒತ್ತುತ್ತಲೂ ಇದ್ದ. ಆಮೇಲೆ ಪಂಜರದ ಕಾರ್ಡನ್ನು ಕಳಚಿ, ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ ಬಂದು, ಅವಳ ಮೇಜಿನ ಮೇಲೆ ಇಟ್ಟು, “ಇವರು ಹೋದ್ರು ಮೇಡಂ” ಎನ್ನುತ್ತಿದ್ದ. ಲಿಫ್ಟ್ ಇದೆಯಲ್ಲ ಮಾವ ಎಂದರೆ, “ಅದೇನೋ ಸರಿ ಕಾಣಲ್ಲ” ಎನ್ನುತ್ತಿದ್ದ. ಸಕ್ಕರೆ ನೀರಿನವು ಎರಡನೇ ವಾರದಲ್ಲಿ ಹೋದವು. ಮದ್ದಿನವು ಹೆಚ್ಚಿನವು ಉಳಿದವು. ಉಳಿದವನ್ನೂ ಮೂವತ್ತನೆಯ ದಿನ ಕರುಳು ನೋಡಲೆಂದು ಕೊಯ್ಯಲಾಯಿತು. ನಲವತ್ತೆಂಟು ಕಾರ್ಡುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅವಳ ಡ್ರಾಯರು ಸೇರಿದವು. ಎಸೆಯಲು ಕೈ ಬರಲಿಲ್ಲ. ಮನೆಗೆ ಒಯ್ಯಲೂ ಆಗಲಿಲ್ಲ.

ಮದ್ದು ಗೆದ್ದಿತು. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗೆಂದು ಮೂವತ್ತಮೂರು ರೋಗಿಗಳಿಗೆ ಕೊಡತೊಡಗಿದರು. ಆ ಮೂವತ್ತಮೂರರಲ್ಲಿ ಒಬ್ಬಳು ಅವಳ ಸ್ವಂತ ಅಕ್ಕ.

ಅಕ್ಕ ಟೈಲರು. ಬೀದಿಯ ತಿರುವಿನಲ್ಲಿ ಒಂದು ಬಾಗಿಲಿನ ಅಂಗಡಿ, ಕುತ್ತಿಗೆಯಲ್ಲಿ ಸದಾ ಟೇಪು, ನಾಲಿಗೆ ಕತ್ತರಿಗಿಂತ ಹರಿತ. ಗರ್ಭಕೋಶದ ಕ್ಯಾನ್ಸರಿಗೆ ಇಪ್ಪತ್ತೈದು ಸಲ ವಿಕಿರಣ ಎಂದು ಡಾಕ್ಟರು ಹೇಳಿದಾಗ, “ಇಪ್ಪತ್ತೈದು ಬ್ಲೌಸ್ ಅಂದ್ಕೋತೀನಿ ಬಿಡಿ, ದಿನಕ್ಕೊಂದು” ಎಂದವಳು. ಪ್ರತಿ ಸಲವೂ ವಿಕಿರಣ ಮುಗಿದ ಮೇಲೆ ಸಣ್ಣ ಲೋಟದಲ್ಲಿ ಆ ಬಿಳಿ ಮದ್ದು. ಅದೇ ವಾರ್ಡಿನಲ್ಲಿ ಮದ್ದಿಲ್ಲದವರು ಬಚ್ಚಲಿಗೆ ಓಡುತ್ತಿದ್ದಾಗ ಅಕ್ಕ ಬ್ರೆಡ್ಡು ತಿನ್ನುತ್ತ ಕೂತಿರುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರು. ಅವನಿಗೂ ಅದೇ ಮದ್ದು, ಅವನದೂ ಇಪ್ಪತ್ತೈದೇ, ಆದರೆ ಶುರುವಾದದ್ದು ತಡವಾಗಿ.

“ಟೈಲರಮ್ಮ, ನೀವು ಎಕ್ಸ್‌ಪ್ರೆಸ್ಸು, ನಾನು ಸಿಟಿ ಬಸ್ಸು. ಎಲ್ಲಾ ಸ್ಟಾಪಲ್ಲೂ ನಿಂತ್ಕೊಂಡ್ ಬರ್ತೀನಿ” ಎನ್ನುತ್ತಿದ್ದ ಅವನು.

“ಬನ್ನಿ ಅಣ್ಣ, ಅವಸರವೇನಿಲ್ಲ. ಮೇಲಕ್ಕೆ ಹೋಗೋ ಬಸ್ಸು ತಪ್ಪಿದ್ರೆ ಯಾರ್ ಅಳ್ತಾರೆ?”

ಇಬ್ಬರೂ ನಗುತ್ತಿದ್ದರು. ತಂಗಿಗೆ ಮಾತ್ರ ಆ ಬಿಳಿ ಮದ್ದಿನ ಲೋಟ ನೋಡಿದಾಗೆಲ್ಲ ‘ಇವರು ಹೋದ್ರು ಮೇಡಂ’ ಕೇಳಿಸುತ್ತಿತ್ತು. ಅಕ್ಕನಿಗೆ ಅವಳು ನಾಯಿಗಳ ವಿಷಯ ಹೇಳಿರಲಿಲ್ಲ.

ಅಕ್ಕನ ಹದಿನೇಳನೆಯ ಸರದಿ ಮುಗಿದ ಮಂಗಳವಾರ, ನಿರ್ದೇಶಕರು ಅವಳ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. ರಕ್ಷಣಾ ಯೋಜನಾ ಕಚೇರಿಯದು. ಒಳಗೆ ಒಂದು ಪತ್ರ, ಒಂದು ಪುಟದ ಪಟ್ಟಿ, ಎರಡಕ್ಕೂ ‘ಗೋಪ್ಯ’ ಎಂಬ ಕೆಂಪು ಮುದ್ರೆ.

“ಖುಷಿ ವಿಷಯ ಮೇಡಂ. ಮದ್ದನ್ನ ಇನ್ನೂ ಚೆನ್ನಾಗಿ ಮಾಡಿ ಅಂತಿದಾರೆ. ಇನ್ನೊಂದು ಸುತ್ತು, ನೂರಾ ಇಪ್ಪತ್ತು ನಾಯಿ. ನಿಮ್ಮ ಹಳೇ ಅಂಕಿ ಸರಿ ಇದ್ಯಾ ನೋಡಿ ಒಂದು ಸಾಲು ಬರೆದುಬಿಡಿ, ಸಾಕು.”

ಅವಳು ಪಟ್ಟಿ ಓದಿದಳು. ಮೇಲೆ ಶೀರ್ಷಿಕೆ: ‘ನಾವು ಅಣ್ವಸ್ತ್ರವನ್ನು ಮೊದಲು ಪ್ರಯೋಗಿಸಿದಲ್ಲಿ ಪ್ರತಿದಾಳಿಯಿಂದ ಆಗಬಹುದಾದ ನಷ್ಟ’. ನಷ್ಟ, ಎರಡು ಲಕ್ಷದ ಎಪ್ಪತ್ತು ಸಾವಿರ. ಅದರ ಕೆಳಗೆ ‘ಮದ್ದಿನಿಂದ ಉಳಿಯುವವರು’, ತೊಂಬತ್ತು ಸಾವಿರ, ಕಳೆಯಿರಿ. ಅದರ ಪಕ್ಕದಲ್ಲಿ ಚುಕ್ಕಿ, ಚುಕ್ಕಿಗೆ ಪುಟದಡಿಯಲ್ಲಿ ಅವಳ ಪ್ರಯೋಗಾಲಯದ ಹೆಸರು. ಉಳಿದದ್ದು ಒಂದು ಲಕ್ಷದ ಎಂಬತ್ತು ಸಾವಿರ. ಕೊನೆಯ ಸಾಲಿನಲ್ಲಿ ‘ಸಹಿಸಬಹುದಾದ ನಷ್ಟದ ಮಿತಿ: ಎರಡು ಲಕ್ಷ’. ಅದರ ಮುಂದೆ ಒಂದು ಸರಿ ಗುರುತು, ಪೆನ್ಸಿಲಿನದು.

ಅವಳು ಎರಡು ಸಲ ಕಳೆದು ನೋಡಿದಳು. ಲೆಕ್ಕ ತಪ್ಪಿರಲಿಲ್ಲ. ಅವಳ ಅಂಕಿ ಇಲ್ಲದಿದ್ದರೆ ಆ ಪಟ್ಟಿ ಮಿತಿ ದಾಟುತ್ತಿತ್ತು, ಬೇಡ ಎನ್ನುತ್ತಿತ್ತು. ಅವಳ ಅಂಕಿಯಿಂದ ಆಗಬಹುದು ಎನ್ನುತ್ತಿದೆ. ಬಾಂಬಿನಿಂದ ಜನರನ್ನು ಉಳಿಸಲೆಂದು ಬರೆದದ್ದನ್ನು ಹಿಡಿದು ಯಾರೋ ಒಬ್ಬರು, ಅವಳಂಥವರೇ ಒಬ್ಬರು, ಅಚ್ಚುಕಟ್ಟಾದ ಕೈಬರಹದವರು, ಬಾಂಬು ಹಾಕಬಹುದು ಎಂದು ಗುರುತು ಹಾಕಿದ್ದರು. ಎರಡು ವರ್ಷದ ಹಿಂದೆ ಅವಳು ಒಂದು ಸಂಖ್ಯೆಯನ್ನು ಬರೆಯದೆ ಬಿಟ್ಟಿದ್ದಳು, ಬೀಳುವ ಸಂಭವ. ಈಗ ಬರೆದ ಸಂಖ್ಯೆಯೇ ಆ ಬಿಟ್ಟ ಸಂಖ್ಯೆಯನ್ನು ಬೆಳೆಸುತ್ತಿತ್ತು.

ಪತ್ರದ ಕೊನೆಯ ಸಾಲು ಹೀಗಿತ್ತು: ‘ಮುಂದಿನ ಗುರುವಾರದೊಳಗೆ ಉತ್ತರ ಬಾರದಿದ್ದಲ್ಲಿ ಅಂಕಿ ಸರಿಯಿದೆಯೆಂದು ಭಾವಿಸಲಾಗುವುದು.’

ಅವಳು ಎದ್ದು ನಿರ್ದೇಶಕರ ಕೋಣೆಗೆ ಹೋದಳು. ಬಿಟ್ಟ ಗುಣಾಕಾರದ ವಿಷಯ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕೂತ್ಕೊಳ್ಳಿ” ಎಂದರು. “ನೀರು ಕುಡೀರಿ. ನೀವು ಅಂಕಿ ತಪ್ಪು ಅಂತ ಬರೆದ್ರೆ ಏನಾಗುತ್ತೆ ಗೊತ್ತಲ್ಲ? ಆ ಅಂಕಿ ಮೇಲೆ ಸಮಿತಿ ಒಪ್ಪಿಗೆ ಕೊಟ್ಟಿದ್ದು. ಒಪ್ಪಿಗೆ ಬಿದ್ದುಹೋಗುತ್ತೆ. ಒಪ್ಪಿಗೆ ಬಿದ್ರೆ ಆಸ್ಪತ್ರೆಯವರು ಮಾರನೇ ದಿನಾನೇ ಮದ್ದು ನಿಲ್ಲಿಸ್ಬೇಕು, ಮರುಪರಿಶೀಲನೆ ಆಗೋವರೆಗೆ. ಮೂರು ತಿಂಗಳು ಎಲ್ಲೂ ಹೋಗಲ್ಲ.” ಕನ್ನಡಕ ತೆಗೆದು, “ನಿಮ್ಮ ಅಕ್ಕ ಅಲ್ಲೇ ಇದಾರಲ್ವಾ? ಎಷ್ಟು ಬಾಕಿ?” ಎಂದರು.

“ಎಂಟು.”

“ಹೆದರಿಸ್ತಾ ಇಲ್ಲಮ್ಮ. ನೀವು ಏನ್ ಬರೆದ್ರೂ ನಾನು ತಡಿಯಲ್ಲ. ಗೊತ್ತಿರ್ಲಿ ಅಂತ ಹೇಳ್ದೆ.”

ಎಂಟು ಸರದಿ. ಬುಧ, ಗುರು, ಶುಕ್ರ, ಆಮೇಲೆ ಸೋಮದಿಂದ ಶುಕ್ರದವರೆಗೆ ಐದು. ಕೊನೆಯದು ಶುಕ್ರವಾರ. ಗಡುವು ಗುರುವಾರ. ಒಂದೇ ಒಂದು ದಿನದ ಅಂತರ.

ಲೆಕ್ಕ ಬಲ್ಲವಳು ನೆಪ ಹುಡುಕಿದರೆ ನೆಪವೂ ಲೆಕ್ಕದಂತೆಯೇ ಕಾಣುತ್ತದೆ. ಅವಳು ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಈಗಲೇ’, ಬಲಕ್ಕೆ ‘ಆಮೇಲೆ’ ಎಂದು ಬರೆದಳು. ಕಾದರೆ ಮೂವತ್ತಮೂರು ಜನರಿಗೆ ಇನ್ನಷ್ಟು ದಿನ ಮದ್ದು ಸಿಗುತ್ತದೆ, ಇದು ಖಚಿತ. ಕಾದರೆ ಒಂದು ಪಟ್ಟಿ ಒಂದು ದಿನ ತಡವಾಗಿ ತಿದ್ದುಪಡಿಯಾಗುತ್ತದೆ, ಅದರಿಂದ ಏನಾಗುತ್ತದೋ ಯಾರಿಗೆ ಗೊತ್ತು. ಬಲಗಡೆಯೇ ಭಾರ. ಆದರೆ ಹಾಳೆಯನ್ನು ಮಡಚುವಾಗ ಅವಳ ಕಣ್ಣಿಗೆ ಬಿದ್ದದ್ದು ಬೇರೆ. ಮೂವತ್ತಮೂರು ಜನರಿಗಾಗಿ ಕಾಯುವುದಾದರೆ ಎಲ್ಲರದೂ ಮುಗಿಯುವವರೆಗೆ ಕಾಯಬೇಕು, ಇನ್ನೂ ಐದು ವಾರ. ಅವಳು ಗುರುತು ಹಾಕಿಕೊಂಡದ್ದು ಶುಕ್ರವಾರಕ್ಕೆ. ಆ ದಿನ ಮುಗಿಯುವುದು ಒಬ್ಬಳದೇ. ತನ್ನವರು, ಪರರು ಎಂಬ ಭೇದವಿಲ್ಲದ ತಕ್ಕಡಿಗೆ ಅವಳ ಹೆಬ್ಬೆರಳು ತಾಗಿತ್ತು. ಹಾಳೆಯನ್ನು ಹರಿದು ಹಾಕಿದಳು.

ಆ ಹತ್ತು ದಿನ ಅವಳು ಮೈಯೆಲ್ಲ ಕಣ್ಣಾಗಿ ಓಡಾಡಿದಳು. ರಸ್ತೆಯಲ್ಲಿ ಪೋಸ್ಟ್‌ಮಾಸ್ಟರಮ್ಮನಂತೆ ಕಂಡ ಯಾರನ್ನೋ ನೋಡಿ ಅಂಗಡಿಯೊಳಕ್ಕೆ ನುಗ್ಗಿದಳು. ಮಾವ ಬಂದು, “ನೂರಾ ಇಪ್ಪತ್ತು ಪಂಜರ ತೊಳೆದಿಟ್ಟೆ ಮೇಡಂ, ಕಾರ್ಡೂ ಅಚ್ಚಾಗಿ ಬಂತು. ಹೊಸಬರು ಯಾವಾಗ ಬರ್ತಾರೆ?” ಎಂದು ಕೇಳಿದಾಗ ಪೆನ್ನಿನ ಮುಚ್ಚಳ ಹುಡುಕಿದಳು. ಮುಚ್ಚಳ ಪೆನ್ನಿನ ಮೇಲೆಯೇ ಇತ್ತು.

ಗುರುವಾರ ಉತ್ತರ ಬರೆದು ಮುಗಿಸಿ, ಸಹಿ ಹಾಕಿ, ಮೇಜಿನ ಮೇಲೆ ಇಟ್ಟುಕೊಂಡಳು. ಐದು ಗಂಟೆಗೆ ಟಪಾಲಿನವನು ಬಾಗಿಲಲ್ಲಿ ನಿಂತು, “ಏನಾದ್ರೂ ಇದ್ಯಾ ಮೇಡಂ?” ಎಂದ.

“ಇವತ್ತೇನಿಲ್ಲ” ಎಂದಳು.

ಶುಕ್ರವಾರ ಅಕ್ಕ ಇಪ್ಪತ್ತೈದನೆಯ ಸರದಿ ಮುಗಿಸಿ ಬಂದು, ಬಿಳಿ ಮದ್ದನ್ನು ಗಟಗಟ ಕುಡಿದು, ಲೋಟವನ್ನು ಬೋರಲು ಹಾಕಿದಳು. ಡ್ರೈವರು ಚಪ್ಪಾಳೆ ತಟ್ಟಿದ. “ಲಾಸ್ಟ್ ಸ್ಟಾಪು! ಇಳೀರಿ ಇಳೀರಿ. ನಂದಿನ್ನೂ ಹನ್ನೊಂದಿದೆ.”

“ಆಮೇಲೆ ಅಂಗಡಿಗೆ ಬನ್ನಿ ಅಣ್ಣ, ಪ್ಯಾಂಟು ಸಡಿಲ ಆಗಿದೆ ನಿಮ್ಗೆ. ಹಿಡಿದು ಹೊಲಿದು ಕೊಡ್ತೀನಿ.”

ಅಂದು ಮಧ್ಯಾಹ್ನ ಮೂರಕ್ಕೆ ಲೆಕ್ಕದಮ್ಮ ಪತ್ರವನ್ನು ತಾನೇ ಕೈಯಲ್ಲಿ ಹಿಡಿದು ನಿರ್ದೇಶಕರ ಮೇಜಿನ ಮೇಲಿಟ್ಟಳು. ಅವರು ಓದಿದರು, ತಾರೀಖು ನೋಡಿದರು. ಅದು ನಿನ್ನೆಯದು.

“ಸಮಿತಿಗೆ ಕಳಿಸ್ತೀನಿ” ಎಂದರು. “ಆಸ್ಪತ್ರೆಗೂ ಫೋನ್ ಮಾಡ್ಬೇಕಾಗುತ್ತೆ. ಹೊಸ ನಾಯಿಗಳ ಅರ್ಜಿ ಅಲ್ಲಿಗೆ ನಿಂತಂತೆ.” ಆಮೇಲೆ ರಕ್ಷಣಾ ಕಚೇರಿಗೆ ಫೋನು ಮಾಡಿದರು. ಎರಡು ನಿಮಿಷ ಹೂಂ, ಹೂಂ ಎಂದು ಕೇಳಿ ಇಟ್ಟರು. “ಪಟ್ಟಿ ಬೆಳಿಗ್ಗೆ ಮೇಲಕ್ಕೆ ಹೋಯ್ತಂತೆ. ಮುಂದಿನ ವರ್ಷದ ಪರಿಷ್ಕರಣೇಲಿ ನೋಡ್ತಾರಂತೆ.”

“ಒಂದು ದಿನ...” ಎಂದಳು ಅವಳು.

“ಹೌದು” ಎಂದರು ಅವರು, ಅವಳ ಮುಖ ನೋಡದೆ. “ನಿನ್ನೆ ಬಂದಿದ್ರೆ ತಡೀತಿದ್ರು.”

ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ ಮಾವನಿಗೆ ಹೊಸಬರು ಬರುವುದಿಲ್ಲ ಎಂದು ಹೇಳಿದಳು. ಅವನು ಖಾಲಿ ಕಾರ್ಡುಗಳ ಕಟ್ಟನ್ನು ಅಂಗೈಯಲ್ಲಿ ತೂಗಿ ನೋಡಿದ. “ಒಳ್ಳೇದಾಯ್ತು ಬಿಡಿ” ಎಂದ. ಹೊಗಳಿಕೆಯೇನಲ್ಲ ಅದು. ಆದರೂ ಅವಳಿಗೆ ನಾಚಿಕೆಯಾಯಿತು.

ಶನಿವಾರ ಅಕ್ಕನ ಅಂಗಡಿಗೆ ಹೋದಾಗ ಅಕ್ಕ ಹೊಲಿಗೆ ನಿಲ್ಲಿಸದೆ ಮಾತು ತೆಗೆದಳು. “ಡ್ರೈವರಣ್ಣ ಫೋನ್ ಮಾಡಿದ್ದ. ಸೋಮವಾರದಿಂದ ಮದ್ದು ಇಲ್ವಂತೆ ಅವನಿಗೆ. ನಿಮ್ಮ ಲ್ಯಾಬಿಂದನೇ ನಿಲ್ಲಿಸಿದ್ದಂತೆ. ಏನೇ ಇದು?”

ತಂಗಿ ಎಲ್ಲವನ್ನೂ ಹೇಳಿದಳು. ನಾಯಿಗಳಿಂದ ಶುರುಮಾಡಿ ಟಪಾಲಿನವನವರೆಗೆ. ನಡುವೆ ಎಲ್ಲೋ ಮಷಿನ್ನು ನಿಂತಿತು.

“ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?”

“ಹತ್ತು.”

“ತಡಿ ಅಂತ ನಾನು ಹೇಳಿದ್ನಾ?”

“ಇಲ್ಲ ಅಕ್ಕ.”

ಅಕ್ಕ ಸೂಜಿಯಿಂದ ದಾರ ಎಳೆದು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. “ಕೇಳಿದ್ರೆ ತಡಿ ಅಂತಾನೇ ಅಂತಿದ್ದೆ ಕಣೆ. ನಾನೇನು ದೇವತೆಯಲ್ಲ, ಆ ಬಚ್ಚಲ ಪಾಡು ಕಣ್ಣಾರೆ ನೋಡಿದೀನಿ. ಅದಕ್ಕೇ ನೀನು ಕೇಳ್ಬೇಕಿತ್ತು. ಈಗ ನೋಡು, ಆ ಪುಣ್ಯಾತ್ಮನ ಮುಂದೆ ನಾನು ಏನೂ ಗೊತ್ತಿಲ್ಲದೋಳ ಥರ ಕೈ ಬೀಸ್ಕೊಂಡ್ ಬಂದ್ಬಿಟ್ಟೆ.”

ತಂಗಿ ಅಳಲಿಲ್ಲ. ಅಳುವುದು ಇನ್ನೊಂದು ನೆಪವೆನಿಸಿತು.

“ಸೋಮವಾರ ಹತ್ತು ಗಂಟೆಗೆ ಅವನ ಸರದಿ” ಎಂದಳು ಅಕ್ಕ, ಮತ್ತೆ ಮಷಿನ್ನಿಗೆ ಬಾಗಿ. “ನಾನೂ ಬರ್ತೀನಿ. ಮಾತು ನೀನೇ ಆಡ್ಬೇಕು.”

ಸೋಮವಾರ ಅವರಿಬ್ಬರೂ ಹೋದಾಗ ಡ್ರೈವರು ತನ್ನ ಎಂದಿನ ಕುರ್ಚಿಯಲ್ಲಿದ್ದ. ಪಕ್ಕದ ಕುರ್ಚಿಯಿಂದ ಚೀಲ ಎತ್ತಿ ಮಡಿಲಿಗಿಟ್ಟುಕೊಂಡ. “ಬನ್ನಿ ತಂಗ್ಯಮ್ಮ. ಟೈಲರಮ್ಮ, ನಿಮ್ದು ಮುಗೀತಲ್ಲ, ಮತ್ತೆ ಬಂದ್ರಾ? ಟಿಕೆಟ್ ಇಲ್ದೆ ಹತ್ತಂಗಿಲ್ಲ.”

ಅಕ್ಕ ನಗಲಿಲ್ಲ. ತಂಗಿ ಕುರ್ಚಿಯ ಅಂಚಿನಲ್ಲಿ ಕೂತು, ಪಟ್ಟಿಯ ಗುಟ್ಟನ್ನೂ ಬಿಡದೆ ಹೇಳಿದಳು. ತಗ್ಗಿದ ದನಿಯಲ್ಲಿ, ಆದಷ್ಟು ನೇರವಾಗಿ. ‘ಸಂಭವ’ ಎಂಬ ಪದ ಅವನಿಗೆ ತೊಡಕಾದಾಗ ಬಿಡಿಸಿ ಹೇಳಿದಳು. ಕ್ಷಮಿಸಿ ಎಂಬ ಮಾತನ್ನು ಕೊನೆಗೆಂದು ಇಟ್ಟುಕೊಂಡಿದ್ದಳು. ಕೊನೆ ಬಂದಾಗ ಅದು ಬಾಯಿಗೆ ಬರಲಿಲ್ಲ.

ಅವನು ಎದುರಿನ ವಿಕಿರಣ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತಿದ್ದ.

“ಅಂದ್ರೆ ಮೊನ್ನೆ ಮೊನ್ನೆ ನಾನು ಚಪ್ಪಾಳೆ ಹೊಡೆದಾಗ ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು.”

“ಹೂಂ.” ಚೀಲದ ಹಿಡಿ ತಿರುವುತ್ತ, “ನಾಯಿ ಎಷ್ಟು ಅಂದ್ರಿ?” ಎಂದ.

“ನಲವತ್ತೆಂಟು.”

“ನಮ್ ಬಸ್ಸಲ್ಲಿ ಅಷ್ಟೇ ಸೀಟು.”

ಅವನ ತುಟಿ ಸಣ್ಣಗೆ ಅಲುಗಿತು. ಎರಡು ಆ ಕಡೆ, ಎರಡು ಈ ಕಡೆ, ಕನ್ನಡಿಯಲ್ಲಿ ದಿನಾ ನೋಡುವ ಸಾಲುಗಳನ್ನು ಮುಂದಿನಿಂದ ಹಿಂದಿನವರೆಗೆ ಅವನು ತುಂಬಿಸುತ್ತಿರಬೇಕು ಎಂದು ಅವಳಿಗೆ ಅನಿಸಿತು. ಅವಳ ಡ್ರಾಯರಿನ ಡಬ್ಬಿಯಲ್ಲಿದ್ದ ಕಾರ್ಡುಗಳು ಒಂದೊಂದಾಗಿ ಎದ್ದು ಆ ಸೀಟುಗಳಲ್ಲಿ ಕೂತವು. ತಾನು ಈ ಎರಡು ವರ್ಷ ನಲವತ್ತೆಂಟನ್ನು ತೊಂಬತ್ತು ಸಾವಿರದ ಪಕ್ಕದಲ್ಲಿಟ್ಟೇ ನೋಡಿದ್ದೆ, ಒಂದು ಸಲವೂ ಅದನ್ನಷ್ಟೇ ನೋಡಿರಲಿಲ್ಲ ಎಂದು ಅವಳಿಗೆ ಹೊಳೆಯಿತು.

ಕೆಂಪು ದೀಪ ಆರಿತು. ಒಳಗಿನಿಂದ ನರ್ಸು ಅವನ ನಂಬರು ಕೂಗಿದಳು. ಅವನು ಎದ್ದು, ಸಡಿಲವಾದ ಪ್ಯಾಂಟನ್ನು ಸೊಂಟದಲ್ಲಿ ಮೇಲಕ್ಕೆಳೆದುಕೊಂಡು, ಚೀಲವನ್ನು ಯಾರ ಕೈಗೆ ಕೊಡಲಿ ಎಂಬಂತೆ ಒಂದು ಕ್ಷಣ ಇಬ್ಬರನ್ನೂ ನೋಡಿದ. ಅಕ್ಕ ಕೈ ಚಾಚಿದಳು. ಅವನು ಚೀಲವನ್ನು ಅಕ್ಕನಿಗೆ ಕೊಟ್ಟ.

“ನಾನು ಹೊರಗೆ ಬಂದ್ಮೇಲೆ ಬಚ್ಚಲ ಹತ್ರ ನಿಂತಿರಿ ಟೈಲರಮ್ಮ” ಎಂದ. “ಬೇಕಾಗ್ಬಹುದು.”

“ನಾನು ನಿಂತಿರ್ತೀನಿ” ಎಂದಳು ತಂಗಿ.

ಅವನು ಆಗಲಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಬಾಗಿಲು ಮುಚ್ಚಿಕೊಂಡಿತು, ದೀಪ ಮತ್ತೆ ಕೆಂಪಾಯಿತು. ಅವಳು ಎದ್ದು ಹೋಗಿ ಬಚ್ಚಲಿನ ಹೊರಗೆ ಗೋಡೆಗೆ ಒರಗದೆ ನಿಂತಳು.